ಗೆರೆಯ ಹೊರಗಿನ ಹಸಿರು ಚುಕ್ಕಿ

ಓದೋರಿಗೆಲ್ಲ ನಮಸ್ಕಾರ. ಶುರು ಮಾಡೋಕೆ ಮುಂಚೆನೇ ಒಂದು ಮಾತು ಹೇಳ್ಬಿಡ್ತೀನಿ. ನಾನು ಒಂದೇ ಬೆರಳಲ್ಲಿ ಟೈಪ್ ಮಾಡೋನು. ಒತ್ತಕ್ಷರ ಬಂತು ಅಂದ್ರೆ ನನ್ನ ಬೆರಳು ಸಂತೇಲಿ ತಪ್ಪಿಸ್ಕೊಂಡ ಕೋಳಿ ಥರ ಕೀಬೋರ್ಡ್ ತುಂಬ ಓಡಾಡುತ್ತೆ. ತಪ್ಪು ಕಂಡ್ರೆ ಬೈಕೊಳ್ದೆ ಹಾಗೇ ದಾಟ್ಕೊಂಡು ಮುಂದೆ ಹೋಗಿ. ನಾನು ಊರಲ್ಲಿ ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಅದನ್ನೂ ಪೂರ್ತಿ ಮಾಡ್ಲಿಲ್ಲ. ಗಣಿತದ ಪೇಪರು ನನ್ನ ಕೈ ಬಿಡ್ತು, ನಾನು ಸ್ಕೂಲ್ ಬಿಟ್ಟೆ, ತಿಪಟೂರಿನ ಕೊಬ್ಬರಿ ಮಂಡಿ ಸೇರ್ಕೊಂಡೆ.

ಮಂಡೀಲಿ ನನ್ನ ಕೆಲಸ ಮೂಟೆಗಳ ಮೇಲೆ ಬಣ್ಣದಲ್ಲಿ ಗುರುತು ಬರೆಯೋದು. ಕಪ್ಪು ಬಣ್ಣದಲ್ಲಿ ಗುರುತು ಬಿದ್ರೆ ಆ ಮೂಟೆ ಲೆಕ್ಕಕ್ಕೆ ಸೇರ್ತು ಅಂತ. ಚೀಲ ಹರಿದಿದ್ರೆ, ಕೊಬ್ಬರಿ ಹಸಿಯಾಗಿದ್ರೆ ಅದನ್ನ ಲೆಕ್ಕಕ್ಕೆ ತಗೋತಿರ್ಲಿಲ್ಲ. ಹಾಗಂತ ಬಿಸಾಕೋಕೂ ಆಗಲ್ಲ, ಯಾರೋ ತಂದಿರೋ ಮಾಲು. ಅಂಥ ಮೂಟೆಗೆ ಒಂದು ಹಸಿರು ಚುಕ್ಕಿ ಇಡ್ತಿದ್ದೆ. ಲೆಕ್ಕದಲ್ಲಿ ಇಲ್ಲ, ಆದ್ರೆ ಇಲ್ಲಿದೆ ಅಂತ ಅದರ ಅರ್ಥ. ಈ ಚುಕ್ಕಿ ಅಮೆರಿಕದಲ್ಲಿ ಒಂದು ದಿನ ಕೆಲಸಕ್ಕೆ ಬರುತ್ತೆ ಅಂತ ನನಗೆ ಕನಸಲ್ಲೂ ಗೊತ್ತಿರ್ಲಿಲ್ಲ.

ನನ್ನ ಹೆಂಡ್ತಿ ನರ್ಸು. ಅವಳಿಗೆ ಡೆಟ್ರಾಯ್ಟ್ ಕಡೆ ಆಸ್ಪತ್ರೇಲಿ ಕೆಲಸ ಸಿಕ್ತು, ಅವಳ ಹಿಂದೆ ನಾನು ಮಗಳನ್ನ ಎತ್ಕೊಂಡು ಬಂದೆ. ಅಲ್ಲೇ ಹತ್ತಿರದ ಕ್ಯಾಂಟನ್ ಅನ್ನೋ ಊರಲ್ಲಿ ಅಪಾರ್ಟ್‌ಮೆಂಟು. ನನಗೆ ಕಾರಿನ ಸೀಟು ಮಾಡೋ ಫ್ಯಾಕ್ಟರೀಲಿ ಕವರ್ ಹೊಲಿಯೋ ಕೆಲಸ ಸಿಕ್ತು. ಕನ್ನಡದವರು ಮನೆಯಿಂದ ಅಡಿಗೆ ತಂದು ಸೇರೋ ಪಾಟ್‌ಲಕ್‌ಗೆ ಹೋದ್ರೆ ಎಲ್ಲರೂ ಡಾಕ್ಟರು, ಎಂಜಿನಿಯರು. ನೀವೇನು ಮಾಡ್ತೀರಿ ಅಂತ ಕೇಳ್ದಾಗ ಆಟೋ ಇಂಡಸ್ಟ್ರಿ ಅಂತಿದ್ದೆ. ಸುಳ್ಳೇನಲ್ಲವಲ್ಲ. ಪಕ್ಕದಲ್ಲಿ ಹೆಂಡ್ತಿ ಅನ್ನಕ್ಕೆ ಮೊಸರು ಹಾಕ್ಕೊಂಡು ನಗ್ತಿದ್ಳು.

ಅವಳೇ ನನ್ನನ್ನ ಮತ್ತೆ ಓದೋಕೆ ಹಾಕಿದ್ದು. ಹೈಸ್ಕೂಲಿಗೆ ಸಮಾನ ಅನ್ನೋ ಪರೀಕ್ಷೆ ಎರಡು ಸಲ ಬರೆದು ಪಾಸಾದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಕಮ್ಯೂನಿಟಿ ಕಾಲೇಜಲ್ಲಿ ಶನಿವಾರ ಬೆಳಗ್ಗೆ ಕ್ಲಾಸಿಗೆ ಸೇರ್ದೆ. ಆಗ ನನ್ನ ತಲೆ ಅರ್ಧ ನೆರೆತಿತ್ತು. ಹೆಂಡ್ತಿ ಡಬ್ಬಿಗೆ ಚಿತ್ರಾನ್ನ ಹಾಕಿ, "ಕಾಲೇಜ್ ಹುಡುಗ್ರು ಕ್ಯಾಂಟೀನಲ್ಲಿ ದುಡ್ಡು ಹಾಳು ಮಾಡಬಾರದು ಕಣ್ರೀ" ಅಂತ ಕಳಿಸೋಳು.

ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದೋನು ಕಾಂಗೋ ದೇಶದೋನು. ನಮ್ಮ ಫ್ಯಾಕ್ಟರೀಲೇ ಸೀಟಿಗೆ ಫೋಮ್ ತುಂಬೋ ಕಡೆ ಇದ್ದ. ನನಗಿಂತ ಹತ್ತು ವರ್ಷ ಚಿಕ್ಕೋನು. ಅವರ ಕಡೆ ವಯಸ್ಸಾದವರನ್ನ ಹೆಸರು ಹಿಡಿದು ಕರೆಯಲ್ವಂತೆ, ನನ್ನ ಬಿಗ್ ಬ್ರದರ್ ಅಂತಿದ್ದ. ಹಾಗಾದ್ರೆ ನೀನು ತಮ್ಮ ಅಂತ ಅರ್ಥ ಹೇಳ್ಕೊಟ್ಟು ನಾನೂ ಹಾಗೇ ಕರೆಯೋಕೆ ಶುರು ಮಾಡ್ದೆ. ಇಲ್ಲೂ ಅವನನ್ನ ತಮ್ಮ ಅಂತಲೇ ಬರೀತೀನಿ. ಇಬ್ಬರೂ ಒಂದೇ ಕಾರಲ್ಲಿ ಹೋಗ್ತಿದ್ವಿ, ಡ್ರೈವ್ ಮಾಡೋನು ಅವನು. ನಾನು ಡ್ರೈವ್ ಮಾಡಿದ್ರೆ ಕ್ಲಾಸ್ ಮುಗಿದ ಮೇಲೆ ತಲುಪ್ತೀವಿ ಅಂತ ಅವನ ಅಭಿಪ್ರಾಯ.

ಕ್ಲಾಸ್ ತಗೊಳ್ತಿದ್ದ ಮೇಡಂ ಒಂದು ಪ್ರಾಜೆಕ್ಟ್ ಕೊಟ್ರು. ಇಬ್ಬಿಬ್ಬರು ಸೇರಿ ಒಂದು ದೇಶ ಆರಿಸ್ಕೋಬೇಕು, ಆ ದೇಶದಲ್ಲಿ ವರ್ಷ ವರ್ಷಕ್ಕೆ ಏರಿಳಿಯೋ ಯಾವುದಾದ್ರೂ ಒಂದು ಸಂಗತೀನ ದೊಡ್ಡ ರಟ್ಟಿನ ಮೇಲೆ ಗೆರೆ ಎಳೆದು ತೋರಿಸಬೇಕು, ಎಲ್ಲರ ಮುಂದೆ ಇಬ್ಬರೂ ಮಾತಾಡಬೇಕು. ಇದರಲ್ಲಿ ಫೇಲಾದ್ರೆ ಕ್ಲಾಸೇ ಫೇಲಾದ ಹಾಗೆ. ನಾನು ಇಂಡಿಯಾದ ತೆಂಗಿನಕಾಯಿ ರೇಟು ತಗೊಳ್ಳೋಣ ಅಂದೆ.

"ತೆಂಗಿನಕಾಯಿಗೋಸ್ಕರ ಯಾರೂ ಅಳಲ್ಲ ಬಿಗ್ ಬ್ರದರ್" ಅಂದ.

"ನೀನು ತಿಪಟೂರು ನೋಡಿಲ್ಲ" ಅಂದೆ.

ಅವನು ಒಪ್ಪಲಿಲ್ಲ. ಅವನ ದೇಶದಲ್ಲಿ ಯುದ್ಧ ಆಗಿತ್ತು, ಆ ಕಾದಾಟದಲ್ಲಿ ಯಾವ ವರ್ಷ ಎಷ್ಟು ಜನ ಸತ್ತರು ಅನ್ನೋದನ್ನೇ ಬರೀಬೇಕು ಅಂದ. ಫ್ಯಾಕ್ಟರೀಲಿ ಎಲ್ಲಿಯವನು ಅಂತ ಕೇಳ್ತಾರೆ, ಕಾಂಗೋ ಅಂದ್ರೆ ನೈಸ್ ಅಂತಾರೆ, ಅಲ್ಲಿಗೆ ಮಾತು ಮುಗೀತು. ಒಂದು ಸಲನಾದ್ರೂ ಹತ್ತು ಜನ ಕೂತು ಕೇಳ್ಲಿ ಅಂತ ಅವನಾಸೆ. ತೆಂಗಿನಕಾಯಿನ ಅಲ್ಲಿಗೇ ಬಿಟ್ಟೆ.

ಲೈಬ್ರರಿಯಲ್ಲಿ ಒಬ್ಬರು ಆಂಟಿ ಕಂಪ್ಯೂಟರಲ್ಲಿ ಹುಡುಕಿ ವರ್ಷವಾರು ಲೆಕ್ಕದ ಪ್ರಿಂಟ್ ತೆಗೆದುಕೊಟ್ರು. ಮೂಟೆ ಮೇಲೆ ಬರೆದು ಪಳಗಿದ ಕೈ ಅಂತ ಗೆರೆ ಎಳೆಯೋ ಕೆಲಸ ನಾನು ವಹಿಸ್ಕೊಂಡೆ. ಒಂದು ವಾರ ಊಟದ ಟೇಬಲ್ ಮೇಲೆ ಯಾರಿಗೂ ಊಟ ಮಾಡೋಕೆ ಬಿಡ್ದೆ ಬರೆದೆ. ಅಂಚಿಗೆ ಬಾರ್ಡರ್ ಬೇರೆ ಹಾಕಿದ್ದೆ. ಶನಿವಾರ ತಮ್ಮ ಬಂದು ನೋಡ್ದ. ತುಂಬ ಹೊತ್ತು ನೋಡ್ದ. ಆಮೇಲೆ ಇದು ಬಹಳ ಚೆನ್ನಾಗಿದೆ, ಆದ್ರೆ ಇದು ನಮ್ಮ ದೇಶ ಅಲ್ಲ ಅಂದ.

ಕಾಂಗೋ ಅಂತ ಎರಡು ದೇಶ ಇದೆ ಅಂತ ನನಗೆ ಯಾರು ಹೇಳಿದ್ರು? ನಡುವೆ ಒಂದು ದೊಡ್ಡ ಹೊಳೆಯಂತೆ, ಆ ದಡದಲ್ಲಿ ಒಂದು ರಾಜಧಾನಿ, ಈ ದಡದಲ್ಲಿ ಇನ್ನೊಂದು ರಾಜಧಾನಿ, ಒಂದರಿಂದ ಇನ್ನೊಂದು ಕಾಣುತ್ತಂತೆ. ನಾನು ಬರೆದಿದ್ದು ಆಚೆ ದಡದ ದೊಡ್ಡ ಕಾಂಗೋ. ಇವನು ಈಚೆ ದಡದ ಬ್ರಾಜವಿಲ್‌ನೋನು. "ನೀವು ಪಕ್ಕದ ಮನೆಯೋರ ಸಾವನ್ನ ತಂದು ನಮ್ಮನೆ ಬಾಗಿಲಿಗೆ ಕಟ್ಟಿದೀರ" ಅಂತ ಹೊಟ್ಟೆ ಹಿಡ್ಕೊಂಡು ನಕ್ಕ. ನನ್ನ ಹೆಂಡ್ತಿನೂ ಅವನ ಜೊತೆ ಸೇರ್ಕೊಂಡ್ಳು. ಮಗಳು, "ಡ್ಯಾಡ್, ಯು ಹ್ಯಾಡ್ ಒನ್ ಜಾಬ್" ಅಂತ ರೂಮಿಗೆ ಹೋದ್ಳು.

ಮತ್ತೆ ಹೊಸ ಪ್ರಿಂಟು, ಹೊಸ ರಟ್ಟು ತಂದು ಈ ಸಲ ಸರಿಯಾದ ಕಾಂಗೋ ಬರೆದೆ, ಬಾರ್ಡರನ್ನೂ ಮತ್ತೆ ಹಾಕ್ದೆ. ಮುಂದಿನ ಶನಿವಾರ ಕ್ಲಾಸ್ ಮುಗಿಸ್ಕೊಂಡು ಅವನು ನಮ್ಮನೆಗೆ ಬಂದ. ಹೆಂಡ್ತಿ ಟೀ ಕೊಟ್ಳು. ಕಪ್ಪು ಗೆರೆ ತೊಂಬತ್ತರ ದಶಕದ ಕೊನೇಲಿ ಗುಡ್ಡದ ಥರ ಏರಿ ಆಮೇಲೆ ಇಳಿದು ನೆಲಕ್ಕೆ ಬರ್ತಿತ್ತು. ತಮ್ಮ ತೊಂಬತ್ತೊಂಬತ್ತರ ಮೇಲೆ ಬೆರಳಿಟ್ಟು ಕೇಳ್ದ.

"ಇದರಲ್ಲಿ ನಮ್ಮಣ್ಣ ಇದಾನಾ?"

ಅವನಿಗೊಬ್ಬ ಅಣ್ಣ ಇದ್ದ ಅಂತ ನಮಗೆ ಗೊತ್ತಾಗಿದ್ದೇ ಆಗ. ಊರೊಳಗೆ ಗುಂಡು ಬೀಳೋಕೆ ಶುರುವಾದಾಗ ಅವರ ಬಡಾವಣೆ ಜನ ಎಲ್ಲ ಕಾಡಿಗೆ ಓಡಿದ್ರಂತೆ. ಅಮ್ಮನಿಗೆ ನಡೆಯೋಕಾಗಲ್ಲ, ಅಣ್ಣ ಬೆನ್ನ ಮೇಲೆ ಹೊತ್ಕೊಂಡು ಹೋದ. ಕಾಡಲ್ಲಿ ತಿಂಗಳುಗಟ್ಟಲೆ ಇದ್ರು. ಅಮ್ಮ ಉಳ್ಕೊಂಡ್ರು, ಹೊತ್ತೋನು ಜ್ವರ ಬಂದು ಹೋದ. ಔಷಧಿ ಇರ್ಲಿಲ್ಲ. ಅಲ್ಲೇ ಮಣ್ಣು ಮಾಡಿ, ಅಳೋಕೂ ಕೂರ್ದೆ ಮುಂದಕ್ಕೆ ನಡೆದ್ರಂತೆ. ತಮ್ಮ ಅಷ್ಟೊತ್ತಿಗೆ ದೇಶ ಬಿಟ್ಟಿದ್ದ, ಸುದ್ದಿ ಫೋನಲ್ಲಿ ಬಂತು.

ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಅಂತ ನಾನು ಪ್ರಿಂಟಿನ ಕೆಳಗಿದ್ದ ಸಣ್ಣ ಅಕ್ಷರ ಓದಿದೆ. ಕಾದಾಡೋ ಗುಂಪುಗಳ ಹೊಡೆದಾಟದಲ್ಲೇ ಸತ್ತೋರು ಮಾತ್ರ ಈ ಲೆಕ್ಕದಲ್ಲಿ, ರೋಗ, ಹಸಿವು ಇವೆಲ್ಲ ಸೇರಿಲ್ಲ ಅಂತ ಇತ್ತು. ಗಟ್ಟಿಯಾಗಿ, ಪೂರ್ತಿ ಓದಿದೆ. ಹೆಂಡ್ತಿ ಟೇಬಲ್ ಕೆಳಗೆ ಕಾಲು ತುಳೀತಿದ್ಳು, ನನಗೆ ಗೊತ್ತಾಗ್ಲಿಲ್ಲ.

"ಹಾಗಾದ್ರೆ ಅವನು ಇಲ್ಲ" ಅಂದ ತಮ್ಮ. ಟೀ ಕಪ್ ಪಕ್ಕಕ್ಕಿಟ್ಟು, "ಈ ಗೆರೆ ಮುಂದೆ ನಿಂತ್ಕೊಂಡು ನಾನು ಮಾತಾಡಲ್ಲ ಬಿಗ್ ಬ್ರದರ್. ನೀವೊಬ್ರೇ ಮಾತಾಡಿ" ಅಂತ ಎದ್ದ. ಟೀ ಅರ್ಧ ಉಳೀತು.

ನನ್ನ ಇಂಗ್ಲಿಷಲ್ಲಿ ನಾನೊಬ್ಬನೇ ಮಾತಾಡಿದ್ರೆ ಮೇಡಂಗೆ ಕಾಂಗೋ ಯಾವ ಖಂಡದಲ್ಲಿದೆ ಅನ್ನೋದೇ ಅನುಮಾನ ಬರೋದು. ಆದ್ರೆ ಅದು ಆಮೇಲಿನ ಮಾತು. ಅಣ್ಣ ತೀರ್ಕೊಂಡ ಸುದ್ದಿ ಗೊತ್ತಾದ ಮೇಲೆ ಮನೆಗೆ ಹೋಗಿ ಮಾತಾಡಿಸ್ಕೊಂಡು ಬರ್ದೆ ಇರೋಕಾಗುತ್ತಾ? ವರ್ಷಗಳಾಯ್ತಲ್ರೀ ಅಂದ್ಳು ಹೆಂಡ್ತಿ. ನಮಗೆ ಗೊತ್ತಾಗಿದ್ದು ಇವತ್ತು ತಾನೇ ಅಂದೆ. ಅವಳೂ ಒಪ್ಪಿದ್ಳು.

ಅಮೆರಿಕದಲ್ಲಿ ಫೋನ್ ಮಾಡ್ದೆ ಯಾರ ಮನೆಗೂ ಹೋಗೋ ಹಾಗಿಲ್ಲ. ಭಾನುವಾರ ನಾವಿಬ್ಬರೂ ಮನೆಗೆ ಬರ್ತೀವಿ ಅಂತ ತಮ್ಮನಿಗೆ ಹೇಳ್ದೆ. ಯಾಕೆ ಅಂತ ಹೇಳ್ಲಿಲ್ಲ. ಸಾವಿಗೆ ಮಾತಾಡ್ಸೋಕೆ ಬರ್ತಿದೀವಿ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ?

ನಾನು ಬಿಳಿ ಶರ್ಟ್ ಹಾಕ್ಕೊಂಡೆ. ಹೆಂಡ್ತಿ ಒಂದು ಸಾದಾ ಸೀರೆ ಉಟ್ಕೊಂಡ್ಳು. ಹೊರಗೆ ಹಿಮ, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ಬಾಗಿಲು ತೆಗೆದ್ರೆ ಒಳಗೆ ಹಬ್ಬ. ತಮ್ಮನ ಹೆಂಡ್ತಿ ದೊಡ್ಡ ದೊಡ್ಡ ಹೂವಿನ ಹಳದಿ ಬಟ್ಟೆ ಹಾಕ್ಕೊಂಡು ತಲೆಗೂ ಅದೇ ಬಟ್ಟೆ ಸುತ್ಕೊಂಡಿದ್ಲು. ಮಕ್ಕಳಿಗೆ ಹೊಸ ಜಡೆ. ಪ್ಲೇಯರಲ್ಲಿ ಕುಣಿಯೋ ಹಾಡು. ಟೇಬಲ್ ಮೇಲೆ ಇರೋಬರೋ ಪಾತ್ರೆ ಎಲ್ಲ ತುಂಬಿತ್ತು. ಪಾಪ, ನಾನು ತಮ್ಮನ ಕೋಪ ತಣ್ಣಗೆ ಮಾಡೋಕೆ ಹೆಂಡ್ತಿ ಸಮೇತ ಬರ್ತಿದೀನಿ ಅಂತ ಅವರು ಅಂದ್ಕೊಂಡಿದ್ರು.

ನಾವು ನಮ್ಮ ಪದ್ಧತಿ ಬಿಡ್ಲಿಲ್ಲ. ನಾನು ಮೊದಲು ಹಾಡು ನಿಲ್ಸಿ ಅಂದೆ. ಸೋಫಾ ತುದೀಲಿ ಕೂತ್ಕೊಂಡ್ವಿ. ತಲೆ ಬಗ್ಗಿಸಿ ಕಾರ್ಪೆಟ್ ನೋಡಿದ್ವಿ. ಹೆಂಡ್ತಿ ಎರಡು ಸಲ ನಿಟ್ಟುಸಿರು ಬಿಟ್ಳು. ಜ್ಯೂಸ್ ಕೊಟ್ರು, ಬೇಡ ಅಂದ್ವಿ. ನೀರು ಕೊಟ್ರು, ಬೇಡ ಅಂದ್ವಿ. ಊಟಕ್ಕೆ ಕರೆದ್ರು, ಕೈ ಮುಗಿದ್ವಿ. ನಾನು ತಮ್ಮನ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ಅದುಮಿದೆ. ಆಮೇಲೆ ಇಬ್ಬರೂ ಎದ್ದು, ಹೋಗಿಬರ್ತೀವಿ ಅಂತನೂ ಅನ್ನದೆ, ತಿರುಗಿ ನೋಡದೆ ಬಾಗಿಲು ದಾಟಿ ಬಂದುಬಿಟ್ವಿ. ಅಂಥ ಮನೇಲಿ ಮತ್ತೆ ಬರ್ತೀವಿ ಅನ್ನಬಾರದಲ್ಲ. ಒಂದು ಚೂರೂ ತಪ್ಪದ ಹಾಗೆ ಮಾಡಿದ್ವಿ ಅಂತ ಕಾರಲ್ಲಿ ನನಗೆ ಸಮಾಧಾನ.

ಮನೆಗೆ ಬಂದು ಇಬ್ಬರೂ ತಲೆಗೆ ಸ್ನಾನ ಮಾಡಿದ್ವಿ. ಬಿಸಿನೀರು ಖಾಲಿಯಾಯ್ತು. "ವೈ ಈಸ್ ಎವ್ರಿಬಡಿ ಶವರಿಂಗ್ ಅಟ್ ಫೋರ್?" ಅಂತ ಮಗಳು ಗೊಣಗಿದ್ಳು.

ಸೋಮವಾರ ಫ್ಯಾಕ್ಟರೀಲಿ ತಮ್ಮ ಮಾತಾಡ್ಲಿಲ್ಲ. ದುಃಖ ಇನ್ನೂ ಇದೆ ಅಂದ್ಕೊಂಡೆ. ಮಂಗಳವಾರನೂ ಇಲ್ಲ. ಲಂಚ್ ಟೇಬಲಲ್ಲಿ ನನ್ನ ಕಂಡ್ರೆ ಡಬ್ಬಿ ಎತ್ಕೊಂಡು ಆ ಕಡೆ ಹೋಗ್ತಿದ್ದ. ಶನಿವಾರ ಕರ್ಕೊಂಡು ಹೋಗೋಕೂ ಬರ್ಲಿಲ್ಲ. ನಾನೇ ಡ್ರೈವ್ ಮಾಡ್ಕೊಂಡು ಹೋದೆ, ಅವನು ಹೇಳ್ತಿದ್ದ ಹಾಗೇ ಕ್ಲಾಸ್ ಅರ್ಧ ಮುಗಿದಿತ್ತು. ಅವನು ಕಿಟಕಿ ಪಕ್ಕ ಬೇರೆ ಕಡೆ ಕೂತಿದ್ದ. ಮುಂದಿನ ಶನಿವಾರವೇ ನಾವು ಎಲ್ಲರ ಮುಂದೆ ನಿಲ್ಲಬೇಕಿತ್ತು.

ಕ್ಲಾಸ್ ಬಿಟ್ಟ ಮೇಲೆ ಪಾರ್ಕಿಂಗ್ ಲಾಟಲ್ಲಿ ಅಡ್ಡ ನಿಂತು, ಏನಪ್ಪ ಇದು ಅಂತ ಕೇಳ್ದೆ. ಅವನು ಕಾರಿನ ಗಾಜಿನ ಹಿಮ ಕೆರೀತಾನೇ ಹೇಳ್ದ. ನೀವು ಮೀನು ತಿನ್ನಲ್ಲ ಅಂತ ನನ್ನ ಹೆಂಡ್ತಿ ಮರಗೆಣಸಿನ ಸೊಪ್ಪನ್ನ ಮೀನು ಹಾಕ್ದೆ ಬೇರೆ ಬೇಯಿಸಿದ್ಲು, ಬೆಳಗ್ಗೆಯಿಂದ ಒಲೆ ಮುಂದೆ ನಿಂತಿದ್ಲು; ನೀವು ಬಂದ್ರಿ, ಹಾಡು ನಿಲ್ಲಿಸಿದ್ರಿ, ನೆಲ ನೋಡಿದ್ರಿ, ನಮ್ಮನೆ ನೀರು ಕೂಡ ಮುಟ್ಟಲಿಲ್ಲ, ಒಂದು ಮಾತು ಹೇಳ್ದೆ ಎದ್ದು ಹೋದ್ರಿ; ನಾವೇನು ತಪ್ಪು ಮಾಡಿದ್ವಿ ಅಂತ ಅವಳು ಒಂದು ವಾರದಿಂದ ಕೇಳ್ತಿದಾಳೆ ಅಂದ.

ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡ್ಕೊಂಡು ಹೇಳ್ದೆ. ನಮ್ಮ ಕಡೆ ಸಾವಾದ ಮನೆಗೆ ಹೋದ್ರೆ ಹೀಗೇ ಕೂರೋದು, ಆ ಮನೇಲಿ ನೀರು ಕುಡಿಯಲ್ಲ, ಬರ್ತೀನಿ ಅನ್ನಲ್ಲ, ಅದು ಮರ್ಯಾದೆ ಅಂತ.

ಅವನು ಕೆರೆಯೋದು ನಿಲ್ಲಿಸಿದ. "ಸಾವಾದ ಮನೆ? ಯಾರು ಸತ್ತಿದ್ದು?"

"ನಿಮ್ಮಣ್ಣ."

ಅವನು ಕಾರಿಗೆ ಒರಗಿ ನಿಂತ. ಮೊದಲು ಭುಜ ಅಲ್ಲಾಡ್ತು, ಅಳ್ತಿದಾನೆ ಅಂದ್ಕೊಂಡೆ, ನೋಡಿದ್ರೆ ನಗ್ತಿದ್ದ. ಆಮೇಲೆ ಎರಡೂ ಆಯ್ತು.

"ಅವನಿಗೋಸ್ಕರ ಅಂತ ಇಲ್ಲೀವರೆಗೂ ನಮ್ಮನೆಗೆ ಯಾರೂ ಬಂದಿರ್ಲಿಲ್ಲ ಬಿಗ್ ಬ್ರದರ್. ಮೊದಲು ಬಂದೋರು ನೀವು. ಬಂದೋರು ಸರಿಯಾಗಿ ಬರಬಾರದಿತ್ತಾ?"

ಅವರ ಕಡೆ ಸರಿಯಾಗಿ ಬರೋದು ಅಂದ್ರೆ ಬೇರೆ. ಸತ್ತೋರ ಮನೇಲಿ ಎಲ್ಲ ಸೇರಿ ಕೂರಬೇಕು, ಹಾಡಬೇಕು, ಹೊಟ್ಟೆ ತುಂಬ ತಿನ್ನಬೇಕು, ಹೋದೋರ ಒಳ್ಳೇದು ಕೆಟ್ಟದ್ದು ಎರಡೂ ಹೇಳಿ ನಗಬೇಕು. ಅದಕ್ಕೆ ಮತಾಂಗ ಅಂತಾರೆ. ಕಾಡಲ್ಲಿ ಸತ್ತ ಅಣ್ಣನಿಗೆ ಅದು ಆಗಿರ್ಲಿಲ್ಲ. ಇಷ್ಟು ವರ್ಷ ಆದ್ಮೇಲೆ ಮಾಡೋದು ಹೇಗೆ ಅಂತ ತಮ್ಮ ಸುಮ್ಮನಿದ್ದ. ನೀವು ಇಷ್ಟು ತಡವಾಗಿ ಬರಬಹುದಾದ್ರೆ ನಾನು ಮಾಡಬಹುದು ಅಂದ.

ಮಾರನೇ ದಿನ ಮಧ್ಯಾಹ್ನವೇ ಇಟ್ಕೊಂಡ. ಶಿಕಾಗೋ ಕಡೆಯಿಂದ ಅವನ ಚಿಕ್ಕಮ್ಮ ಒಂದು ವ್ಯಾನ್ ತುಂಬ ಜನ ಕಟ್ಕೊಂಡು ಬಂದ್ರು. ಸಾವಿನ ಮನೇಲಿ ಒಲೆ ಹಚ್ಚಲ್ಲ, ನೆಂಟರು ಅಡಿಗೆ ತಗೊಂಡು ಹೋಗಬೇಕು ಅಂತ ನನ್ನ ಹೆಂಡ್ತಿ ದೊಡ್ಡ ಪಾತ್ರೇಲಿ ಬಿಸಿಬೇಳೆಬಾತ್ ಹೊತ್ತು ತಂದ್ಳು. ಅಲ್ಲಿ ಒಲೆ ಮೇಲೆ ನಾಲ್ಕು ಪಾತ್ರೆ ಕುದೀತಿತ್ತು. ಆದ್ರೂ ಚಿಕ್ಕಮ್ಮ ಬಾತನ್ನ ಎರಡು ಸಲ ಹಾಕಿಸ್ಕೊಂಡ್ರು. ನಾವು ಮರಗೆಣಸಿನ ಸೊಪ್ಪು ತಿಂದ್ವಿ. ನಮ್ಮ ಬಸಳೆ ಸೊಪ್ಪನ್ನ ಜಜ್ಜಿ ಎಣ್ಣೇಲಿ ಬೇಯಿಸಿದ ಹಾಗೆ, ಇನ್ನೂ ಗಟ್ಟಿ. ತಮ್ಮನ ಹೆಂಡ್ತಿ ನಮ್ಮ ತಟ್ಟೆಗಳ ಮುಂದೆನೇ ಕಾವಲಿಗೆ ನಿಂತಿದ್ಲು, ಖಾಲಿಯಾಗೋಕೇ ಬಿಡ್ಲಿಲ್ಲ. ಒಂದು ವಾರದ ಬಾಕಿ ತೀರಿಸ್ಕೊಂಡ್ಲು ಅನ್ಸುತ್ತೆ.

ಹಾಡಾಯ್ತು. ಅಣ್ಣ ಫುಟ್‌ಬಾಲಲ್ಲಿ ಎಷ್ಟು ಕೆಟ್ಟ ಗೋಲ್‌ಕೀಪರ್ ಆಗಿದ್ದ ಅಂತ ಎಲ್ಲ ಹೇಳಿ ನಕ್ಕಿದ್ದಾಯ್ತು. ಆಮೇಲೆ ತಮ್ಮ ಆ ರಟ್ಟು ತಂದಿದೀರಾ ಅಂತ ಕೇಳ್ದ, ಚಿಕ್ಕಮ್ಮಂಗೆ ತೋರಿಸ್ಬೇಕು ಅಂದ. ಕಾರಿಂದ ತಂದು ಗೋಡೆಗೆ ಒರಗಿಸಿದೆ. ಚಿಕ್ಕಮ್ಮ ಕನ್ನಡಕ ಹಾಕ್ಕೊಂಡು ಗೆರೆ ಉದ್ದಕ್ಕೂ ನೋಡಿ ಏನೋ ಕೇಳಿದ್ರು. ಭಾಷೆ ಬರದಿದ್ರೂ ನನಗೆ ಅರ್ಥವಾಯ್ತು. ಇದರಲ್ಲಿ ನಮ್ಮ ಹುಡುಗ ಎಲ್ಲಿ ಅಂತ. ತಮ್ಮ ತಲೆ ಅಲ್ಲಾಡಿಸಿದ.

ನನ್ನ ಜೇಬಲ್ಲಿ ಹಸಿರು ಸ್ಕೆಚ್ ಪೆನ್ ಇತ್ತು, ಬಾರ್ಡರ್ ಬರೆದಿದ್ದು. ಮಂಡಿಯ ವಿಷಯ ಹೇಳ್ದೆ. ಲೆಕ್ಕಕ್ಕೆ ಸೇರದೆ ಇರೋದಕ್ಕೆ ನಾವು ಹೀಗೆ ಚುಕ್ಕಿ ಇಡ್ತಿದ್ವಿ, ಲೆಕ್ಕದಲ್ಲಿ ಇಲ್ಲ, ಆದ್ರೆ ಇದೆ ಅಂತ. ಕೊಬ್ಬರಿ ಮೂಟೆಗೆ ಮಾಡಿದ್ದನ್ನ ಮನುಷ್ಯನಿಗೆ ಹೇಳ್ತಿದೀನಲ್ಲ ಅಂತ ಹೇಳೋವಾಗಲೇ ಹೆದರಿಕೆ ಆಯ್ತು. ತಮ್ಮ ಅದನ್ನ ಚಿಕ್ಕಮ್ಮಂಗೆ ಅವರ ಭಾಷೇಲಿ ಹೇಳ್ದ. ನನ್ನ ಕೈಯಿಂದ ಪೆನ್ ತಗೊಂಡ, ತೊಂಬತ್ತೊಂಬತ್ತರ ಮೇಲೆ, ಕಪ್ಪು ಗೆರೆಗಿಂತ ಸ್ವಲ್ಪ ಎತ್ತರದಲ್ಲಿ ಒಂದು ಚುಕ್ಕಿ ಇಟ್ಟ. ಗೆರೆ ಮುಟ್ಟಲಿಲ್ಲ.

ಪೆನ್ ವಾಪಸ್ ನನ್ನ ಕೈಗೆ ಬರ್ಲಿಲ್ಲ. ಚಿಕ್ಕಮ್ಮ ಕಿತ್ಕೊಂಡು, ತೀರ್ಕೊಂಡಿದ್ದ ಅವರ ಗಂಡನದ್ದೂ ಒಂದು ಚುಕ್ಕಿ ಇಟ್ರು. ವ್ಯಾನಲ್ಲಿ ಬಂದವರು ಒಬ್ಬೊಬ್ಬರಾಗಿ ಎದ್ದು ಬಂದ್ರು. ಒಬ್ಬ ಮುದುಕ ಇಟ್ಟ ಚುಕ್ಕಿ ನೋಡಿ ಚಿಕ್ಕಮ್ಮ ಜಗಳಕ್ಕೆ ನಿಂತ್ರು. ಏನು ಅಂತ ಕೇಳಿದ್ರೆ, ಆ ಮನುಷ್ಯನಿಗೂ ನನ್ನ ಗಂಡನಿಗೂ ಬದುಕಿದ್ದಾಗಲೇ ಆಗ್ತಿರ್ಲಿಲ್ಲ, ಅಷ್ಟು ಹತ್ತಿರ ಯಾಕೆ ಇಟ್ಟೆ ಅಂತ. ಕೊನೆಗೆ ನಡುವೆ ಇನ್ನೊಬ್ಬರ ಅಜ್ಜಿಯನ್ನ ಇಟ್ಟು ಸಮಾಧಾನ ಮಾಡಿದ್ರು. ಸಂಜೆ ಆಗೋ ಹೊತ್ತಿಗೆ ನನ್ನ ಗುಡ್ಡದ ಮೇಲೆ ಹುಲ್ಲು ಹುಟ್ಟಿದ ಹಾಗೆ ಕಾಣ್ತಿತ್ತು. ನನ್ನ ಬಾರ್ಡರನ್ನ ಯಾರೂ ನೋಡ್ಲೇ ಇಲ್ಲ.

ಶನಿವಾರ ಕ್ಲಾಸಲ್ಲಿ ಮೊದಲು ನಾನು ನಿಂತೆ. ಗೆರೆ ಎಲ್ಲಿಂದ ತಗೊಂಡ್ವಿ, ಅದು ಯಾರನ್ನ ಎಣಿಸುತ್ತೆ, ಯಾರನ್ನ ಎಣಿಸಲ್ಲ ಅಂತ ಉಸಿರು ತಗೊಳ್ದೆ ಒಪ್ಪಿಸ್ದೆ. ಚೆನ್ನಾಗಿದೆ, ಆದ್ರೆ ಈ ಹಸಿರು ಏನು ಅಂತ ಮೇಡಂ ಕೇಳಿದ್ರು. ತಮ್ಮ ಬರ್ತಾನೋ ಇಲ್ವೋ ಅಂತ ನಾನು ಕಣ್ಣಂಚಲ್ಲಿ ನೋಡ್ದೆ. ಅವನು ಕೋಟ್ ಸರಿ ಮಾಡ್ಕೊಂಡು ಬಂದು ರಟ್ಟಿನ ಪಕ್ಕ ನಿಂತ.

"ಗೆರೆ ಗುಂಡಿಗೆ ಸಿಕ್ಕೋರದ್ದು. ಚುಕ್ಕಿ ಗೆರೆಗೆ ಸಿಗದೆ ಇರೋರದ್ದು. ಇದು ನಮ್ಮಣ್ಣ. ಅಮ್ಮನ್ನ ಹೊತ್ಕೊಂಡಿದ್ದ" ಅಂದ.

ಆಮೇಲೆ ಅವನು ಇನ್ನೂ ಹೇಳ್ದ, ಯಾರೂ ನೈಸ್ ಅನ್ನಲಿಲ್ಲ, ಕೇಳಿದ್ರು. ಮೇಡಂ ರಟ್ಟನ್ನ ಕ್ಲಾಸಿನ ಗೋಡೆಗೆ ಹಾಕೋಣ ಅಂದ್ರು. ತಮ್ಮ ಬೇಡ, ಮನೆಗೆ ತಗೊಂಡು ಹೋಗ್ತೀನಿ ಅಂದ.

ನಾಲ್ಕೈದು ವರ್ಷಕ್ಕೆ ಫ್ಯಾಕ್ಟರಿ ಮುಚ್ತು. ತಮ್ಮ ಶಿಕಾಗೋ ಪಕ್ಕದ ಅರೋರಾಗೆ, ಚಿಕ್ಕಮ್ಮನ ಹತ್ತಿರ ಅಂತ ಹೋದ. ಅಲ್ಲಿ ಬಾಲಾಜಿ ದೇವಸ್ಥಾನಕ್ಕೆ ಹೋದಾಗೆಲ್ಲ ಅವರ ಮನೆಗೂ ಹೋಗ್ತೀವಿ. ಹಾಲ್‌ನಲ್ಲಿ ಸೋಫಾ ಮೇಲಿನ ಗೋಡೇಲಿ ಆ ರಟ್ಟು ಇದೆ, ಫ್ರೇಮ್ ಹಾಕ್ಸಿದಾನೆ. ಹೋದ ತಕ್ಷಣ ಮೊದಲು ನೀರು ಕುಡೀತೀವಿ, ಎಲ್ಲರೂ ನೋಡೋ ಹಾಗೆ. ಹೊರಡೋವಾಗ ಬಾಗಿಲಲ್ಲಿ ಹೋಗಿಬರ್ತೀವಿ, ಹೋಗಿಬರ್ತೀವಿ ಅಂತ ಹೇಳಿದ್ದೇ ಹೇಳ್ತೀನಿ. ಆದ್ರೂ ಅವನು ಬಿಡಲ್ಲ. "ಬಿಗ್ ಬ್ರದರ್, ಇವತ್ತು ಯಾರಿಗೋಸ್ಕರ ಬಂದಿದ್ರಿ, ನನಗಾ ಅವನಿಗಾ?" ಅಂತ ಪ್ರತಿ ಸಲ ಕೇಳ್ತಾನೆ. ಇಬ್ಬರಿಗೂ ಅಂತೀನಿ. ಹಾಗಾದ್ರೆ ಎರಡು ತಟ್ಟೆ ತಿನ್ನಬೇಕಿತ್ತು ಅಂತಾಳೆ ಅವನ ಹೆಂಡ್ತಿ.

ಇಷ್ಟು ಟೈಪ್ ಮಾಡೋಕೆ ನನಗೆ ಎಷ್ಟೋ ಭಾನುವಾರ ಹಿಡೀತು. ನೀವೂ ಯಾರದಾದ್ರೂ ಮನೆಗೆ ಹೋಗಿ, ನಮ್ಮ ಮರ್ಯಾದೆ ಅಂತ ಮಾಡಿದ್ದು ಅವರಿಗೆ ಅವಮಾನ ಆಗಿ, ಆಮೇಲೆ ಸರಿಹೋಗಿದ್ದು ಇದ್ರೆ ದಯವಿಟ್ಟು ಬರೀರಿ. ನಿಮ್ಮ ಮನೇಲೂ ಯಾವ ಲೆಕ್ಕಕ್ಕೂ ಸೇರದೆ ಹೋದೋರು ಯಾರಾದ್ರೂ ಇದ್ರೆ ಅವರ ಬಗ್ಗೆನೂ ಎರಡು ಸಾಲು ಬರೀರಿ. ಒತ್ತಕ್ಷರ ತಪ್ಪಿದ್ರೂ ಪರವಾಗಿಲ್ಲ, ನಾನು ಕೂತು ಓದ್ತೀನಿ.